ತೊಟ್ಟಿಲಿಗೆ ಶಾಸ್ತ್ರವುಂಟು, ಆಪರೇಷನ್ನಿಗೆ ಮಾತೂ ಇಲ್ಲ

ಬಾದಾಮಿಯ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಲಜ್ಜಾಗೌರಿಯ ಮುಂದೆ ಒಂದು ಕ್ಷಣವಾದರೂ ನಿಂತಿರುತ್ತಾರೆ. ಸಮೀಪದ ನಾಗನಾಥಕೊಳ್ಳದಿಂದ ತಂದ ಶಿಲ್ಪ ಅದು. ತಲೆಯ ಜಾಗದಲ್ಲಿ ಅರಳಿದ ತಾವರೆ, ಹೆರಿಗೆಯ ಭಂಗಿಯಲ್ಲಿ ಮಡಿಚಿದ ಕಾಲುಗಳು. ಚಾಲುಕ್ಯರ ಕಾಲದ ಈ ತಾಯಿ ಐಹೊಳೆ ಸಮೀಪದ ಸಿದ್ಧನಕೊಳ್ಳದಲ್ಲಿಯೂ ಇದ್ದಾಳೆ. ಅಲ್ಲಿ ಅವಳಿಗೆ ಗಾಜಿನ ಪೆಟ್ಟಿಗೆಯಿಲ್ಲ, ಪೂಜೆಯುಂಟು. ಮಕ್ಕಳಿಲ್ಲದವರು ಇಂದಿಗೂ ಬಂದು ಹರಕೆ ಹೊರುತ್ತಾರೆ.

ಮಕ್ಕಳಾಗಲಿ ಎಂದು ಬೇಡುವುದಕ್ಕೆ ಈ ನಾಡಿನಲ್ಲಿ ದೇವತೆಯಿದ್ದಾಳೆ. ಬಸಿರು ನಿಂತ ಮೇಲೆ ಕುಬಸ ಮಾಡುತ್ತಾರೆ. ಹಸಿರು ಬಳೆ, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಬರುತ್ತವೆ. ಹೆತ್ತ ಮೇಲೆ ತೊಟ್ಟಿಲು, ಹೆಸರು, ಬಾಣಂತನ ಎಲ್ಲಕ್ಕೂ ಹಾಡುಂಟು, ಶಾಸ್ತ್ರವುಂಟು. ಆದರೆ ‘ಇನ್ನು ಮಕ್ಕಳು ಸಾಕು’ ಎಂಬ ತೀರ್ಮಾನಕ್ಕೆ? ಅದಕ್ಕೆ ಶಾಸ್ತ್ರ ಬೇಡ, ಮನೆಯಲ್ಲಿ ನಾಲ್ಕು ಮಾತೂ ಆಗುವುದಿಲ್ಲ. ಎರಡನೆಯ ಹೆರಿಗೆಗೆ ತವರಿಗೆ ಬಂದ ಮಗಳಿಗೆ ‘ಆಪರೇಷನ್ನೂ ಮುಗಿಸಿಬಿಡೋಣ’ ಎನ್ನುತ್ತಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ‘ಆಪರೇಷನ್’ ಎಂದರೆ ಯಾವ ಆಪರೇಷನ್ ಎಂದು ಯಾರೂ ಕೇಳುವುದಿಲ್ಲ. ಯಾರಿಗೆ ಎಂದೂ ಕೇಳುವುದಿಲ್ಲ.

ಯಾರಿಗೆ ಎಂಬುದಕ್ಕೆ ಸರ್ಕಾರದ ಲೆಕ್ಕವೇ ಉತ್ತರ ಹೇಳುತ್ತದೆ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇಕಡಾ 57.4ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಇಡೀ ದೇಶದ ಸರಾಸರಿ ಶೇಕಡಾ 37.9. ಗಂಡಸರ ಶಸ್ತ್ರಚಿಕಿತ್ಸೆಯ ಅಂಕಣದಲ್ಲಿ ಕರ್ನಾಟಕದ ಎದುರು ಇರುವ ಅಂಕಿ 0.0. ಒಬ್ಬನೂ ಇಲ್ಲವೆಂದಲ್ಲ, ದಶಾಂಶದ ಮೊದಲ ಸ್ಥಾನಕ್ಕೂ ಏರದಷ್ಟು ಕಡಿಮೆ ಎಂದರ್ಥ.

ಇಬ್ಬರ ಸಂಸಾರದಲ್ಲಿ ಒಬ್ಬರ ಮೈಮೇಲೇ ಈ ಭಾರ ಬಿದ್ದದ್ದು ಹೇಗೆ? ಈ ಶಸ್ತ್ರಚಿಕಿತ್ಸೆಯಲ್ಲಿ ನಿಜವಾಗಿ ನಡೆಯುವುದೇನು? ಸಹಿ ಅಥವಾ ಹೆಬ್ಬೆಟ್ಟು ಒತ್ತುವ ಮೊದಲು ಗಂಡ ಹೆಂಡತಿ ಏನನ್ನು ತಿಳಿದಿರಬೇಕು?

ಮಣಿಸರದಿಂದ ಶಿಬಿರದವರೆಗೆ

ಜನನ ನಿಯಂತ್ರಣದ ಚರಿತ್ರೆಯಲ್ಲಿ ಕನ್ನಡ ನಾಡಿನ ಹೆಸರು ಮೊದಲ ಪುಟದಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1930ರಲ್ಲಿ, ಮೈಸೂರು ಸಂಸ್ಥಾನವು ತನ್ನ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಸಲಹಾ ಕೇಂದ್ರಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೇ ನಡೆಸಿದ ಇಂಥ ಕೇಂದ್ರಗಳಲ್ಲಿ ಜಗತ್ತಿನಲ್ಲೇ ಮೊದಲಿನವು ಎಂದು ಇವನ್ನು ಗುರುತಿಸುತ್ತಾರೆ. ಆಗ ಬಾಗಲಕೋಟೆ ಸೀಮೆ ಮೈಸೂರಿನದಾಗಿರಲಿಲ್ಲ. ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಆ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ 1921ರಲ್ಲೇ ಸ್ವಂತವಾಗಿ ಒಂದು ಕೇಂದ್ರ ನಡೆಸತೊಡಗಿದ್ದರು. 1927ರಿಂದ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಪತ್ರಿಕೆ ಹೊರಡಿಸಿ, ಅಶ್ಲೀಲತೆಯ ಆರೋಪದ ಮೇಲೆ ಕೋರ್ಟು ಕಟ್ಟೆ ಹತ್ತಿದರು.

ಸ್ವಾತಂತ್ರ್ಯದ ನಂತರ 1952ರಲ್ಲಿ ಭಾರತ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಆ ದಿನಗಳಲ್ಲಿ ಕತ್ತರಿಯ ಮಾತಿರಲಿಲ್ಲ. ಮುಟ್ಟಿನ ದಿನಗಳನ್ನು ಎಣಿಸಿ ‘ಸುರಕ್ಷಿತ ಕಾಲ’ ಗುರುತಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪರೀಕ್ಷಿಸಲಾಯಿತು. ಆ ಪ್ರಯೋಗದ ಒಂದು ಕೇಂದ್ರ ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ಎಣಿಕೆ ತಪ್ಪದಿರಲೆಂದು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ ಕೊಟ್ಟರು. ಹಸಿರು ಮಣಿಯ ದಿನ ಭಯವಿಲ್ಲ, ಕೆಂಪು ಮಣಿಯ ದಿನ ಎಚ್ಚರ. ಲೆಕ್ಕ ಕಾಗದದ ಮೇಲೆ ಸರಿಯಿತ್ತು, ಸಂಸಾರದಲ್ಲಿ ಕೂಡಿಬರಲಿಲ್ಲ.

ಮುಂದೆ 1965ರ ಹೊತ್ತಿಗೆ ವಂಕಿ, 1968ರಲ್ಲಿ ನಿರೋಧ್ ಬಂದವು. ಕೆಂಪು ತ್ರಿಕೋನ ಗೋಡೆಗೋಡೆಯನ್ನೇರಿತು. ‘ನಾವಿಬ್ಬರು ನಮಗಿಬ್ಬರು’, ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂಬ ಘೋಷಣೆಗಳು ಶಾಲೆ ಕಲಿಯದವರ ಬಾಯಲ್ಲೂ ನಿಂತವು. ಶಸ್ತ್ರಚಿಕಿತ್ಸೆಗೂ ಒತ್ತು ಬಂತು. ಇಂದಿನ ತರುಣರಿಗೆ ಆಶ್ಚರ್ಯವಾಗಬಹುದಾದ ಸಂಗತಿಯೆಂದರೆ, ಆಗ ಶಸ್ತ್ರಚಿಕಿತ್ಸೆ ಎಂದರೆ ಹೆಚ್ಚಾಗಿ ಗಂಡಸರದೇ. 1971ರ ಜುಲೈನಲ್ಲಿ ಕೇರಳದ ಎರ್ನಾಕುಲಂನಲ್ಲಿ ನಡೆದ ಒಂದೇ ಶಿಬಿರದಲ್ಲಿ 63 ಸಾವಿರಕ್ಕೂ ಹೆಚ್ಚು ಗಂಡಸರು ವ್ಯಾಸೆಕ್ಟಮಿ ಮಾಡಿಸಿಕೊಂಡಿದ್ದರು.

ಗಂಡಸರು ಹಿಂದೆ ಸರಿದದ್ದು

ಆಮೇಲೆ ಬಂದದ್ದು ತುರ್ತುಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ 62 ಲಕ್ಷದಷ್ಟು ಗಂಡಸರವು. ನೌಕರರಿಗೆ, ಶಿಕ್ಷಕರಿಗೆ ‘ಇಷ್ಟು ಕೇಸು ತರಬೇಕು’ ಎಂಬ ಗುರಿ. ಉತ್ತರ ಭಾರತದ ಹಲವು ಕಡೆ ಬಲವಂತ ನಡೆದದ್ದು ಷಾ ಆಯೋಗದ ಮುಂದೆ ದಾಖಲಾಯಿತು. 1977ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಸೋಲಿಗೆ ಇದೂ ಒಂದು ಕಾರಣವಾಯಿತು. ಮರುವರ್ಷ ಶಸ್ತ್ರಚಿಕಿತ್ಸೆಗಳ ಒಟ್ಟು ಸಂಖ್ಯೆ ಒಂಬತ್ತೂವರೆ ಲಕ್ಷಕ್ಕೆ ಕುಸಿಯಿತು. ಅದರಲ್ಲಿ ಗಂಡಸರು ಎರಡು ಲಕ್ಷವೂ ಇರಲಿಲ್ಲ.

ಸರ್ಕಾರಕ್ಕೆ ಎಷ್ಟು ಅಳುಕಾಯಿತೆಂದರೆ ‘ಕುಟುಂಬ ಯೋಜನೆ’ ಎಂಬ ಹೆಸರನ್ನೇ ಬಿಟ್ಟು ‘ಕುಟುಂಬ ಕಲ್ಯಾಣ’ ಎಂದು ಕರೆದುಕೊಂಡಿತು. ಹೆಸರು ಬದಲಾಯಿತು, ಗುರಿ ಹೋಗಲಿಲ್ಲ. ಗಂಡಸರನ್ನು ಮುಟ್ಟಿದರೆ ಕೈಸುಡುತ್ತದೆಂದು ಅರಿತ ಮೇಲೆ ಕಾರ್ಯಕ್ರಮ ಹೆಂಗಸರ ಕಡೆ ತಿರುಗಿತು. ಲ್ಯಾಪರೋಸ್ಕೋಪ್ ಬಂದು ಶಿಬಿರದ ಕೆಲಸ ಬೇಗ ಮುಗಿಯತೊಡಗಿತು. 1996ರ ಏಪ್ರಿಲ್‌ನಲ್ಲಿ ಗುರಿ ಪದ್ಧತಿಯನ್ನು ಕೇಂದ್ರ ಸರ್ಕಾರ ಅಧಿಕೃತವಾಗಿ ಕೈಬಿಟ್ಟಿತು. ಅಷ್ಟರೊಳಗೆ ‘ಆಪರೇಷನ್ ಹೆಂಗಸರದು’ ಎಂಬುದು ಮನೆಮನೆಯ ರೂಢಿಯಾಗಿಬಿಟ್ಟಿತ್ತು.

ರೂಢಿಗೆ ಒಂದು ಸಮರ್ಥನೆಯೂ ಹುಟ್ಟಿಕೊಂಡಿತು. ಮಗ್ಗದ ಮನೆಯ ಹಿರಿಯರ ವಾದ ಸಾಮಾನ್ಯವಾಗಿ ಇಂಥದು: ‘ಅಂವಾ ಮಗ್ಗಕ್ಕ ಕುಂದ್ರಾಂವ. ಅವಂಗ ಏನರ ಆದ್ರ ಮನಿ ಹ್ಯಾಂಗ ನಡೀಬೇಕ್ರಿ?’ ಇಳಕಲ್ಲಿನ ಕಲ್ಲು ಕ್ವಾರಿಯಲ್ಲಿ ದುಡಿಯುವವರ ಮನೆಯಲ್ಲಿ, ಬಾದಾಮಿ ಹುನಗುಂದಗಳಿಂದ ಗೋವಾ, ಮಂಗಳೂರಿಗೆ ಗುಳೆ ಹೋಗುವವರ ಮನೆಯಲ್ಲಿ ಇದೇ ಅಂಜಿಕೆ ಬೇರೆ ಮಾತಿನಲ್ಲಿ ಕೇಳಿಸುತ್ತದೆ. ಸೊಸೆಯೂ ನೂಲು ಸುತ್ತುತ್ತಾಳೆ, ಕೊಡ ಹೊರುತ್ತಾಳೆ, ಗುಳೆ ಹೋದಲ್ಲಿ ಬುಟ್ಟಿ ಹೊರುತ್ತಾಳೆ ಎಂಬುದು ಆ ವಾದದ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಹೆಂಗಸರ ಶಸ್ತ್ರಚಿಕಿತ್ಸೆ

ಗರ್ಭಕೋಶದ ಎರಡೂ ಬದಿಗೆ ಸುಮಾರು ಹತ್ತು ಸೆಂಟಿಮೀಟರ್ ಉದ್ದದ ಒಂದೊಂದು ನಾಳವಿದೆ. ಅಂಡಾಶಯದಿಂದ ತಿಂಗಳಿಗೊಮ್ಮೆ ಬಿಡುಗಡೆಯಾಗುವ ಅಂಡ ಈ ನಾಳದಲ್ಲಿ ಬರುವಾಗ ವೀರ್ಯಾಣು ಸೇರಿದರೆ ಗರ್ಭ. ಶಸ್ತ್ರಚಿಕಿತ್ಸೆಯಲ್ಲಿ ಆ ನಾಳಗಳನ್ನು ಕಟ್ಟಿ ಕತ್ತರಿಸುತ್ತಾರೆ, ಇಲ್ಲವೇ ಉಂಗುರ ಹಾಕಿ ಮುಚ್ಚುತ್ತಾರೆ. ಗರ್ಭಕೋಶವನ್ನಾಗಲೀ ಅಂಡಾಶಯವನ್ನಾಗಲೀ ತೆಗೆಯುವುದಿಲ್ಲ. ಹಾಗಾಗಿ ಮುಟ್ಟು ನಿಲ್ಲುವುದಿಲ್ಲ, ಹೆಣ್ತನದ ಹಾರ್ಮೋನು ಕಡಿಮೆಯಾಗುವುದಿಲ್ಲ, ದಾಂಪತ್ಯ ಸುಖಕ್ಕೆ ಧಕ್ಕೆಯಿಲ್ಲ. ಅಂಡ ಎಂದಿನಂತೆ ಬಿಡುಗಡೆಯಾಗಿ ಮೈಯಲ್ಲೇ ಕರಗಿಹೋಗುತ್ತದೆ.

ಮಾಡುವ ಬಗೆ ಎರಡು. ಮೊದಲನೆಯದು ಹೊಟ್ಟೆಯ ಮೇಲೆ ಚಿಕ್ಕ ಗಾಯ ಮಾಡಿ ನಾಳವನ್ನು ಹೊರಗೆಳೆದು ಕಟ್ಟುವುದು. ಹೆರಿಗೆಯಾದ ಏಳು ದಿನದೊಳಗೆ ಮಾಡುವುದಾದರೆ ಗರ್ಭಕೋಶ ಇನ್ನೂ ಮೇಲೆಯೇ ಇರುವುದರಿಂದ ಹೊಕ್ಕುಳ ಕೆಳಗೆ ಗಾಯ. ಬೇರೆ ಸಮಯದಲ್ಲಾದರೆ ಕಿಬ್ಬೊಟ್ಟೆಯಲ್ಲಿ. ಎರಡನೆಯದು ಲ್ಯಾಪರೋಸ್ಕೋಪ್. ಹೊಟ್ಟೆಗೆ ಅನಿಲ ತುಂಬಿ, ಕೊಳವೆ ಇಳಿಸಿ, ನಾಳಕ್ಕೆ ಉಂಗುರ ತೊಡಿಸುತ್ತಾರೆ. ಗಾಯ ಇನ್ನೂ ಸಣ್ಣದು. ಆದರೆ ಹೆರಿಗೆಯಾದ ಕೂಡಲೇ ಈ ವಿಧಾನ ಸಲ್ಲದು. ಅನಿಲದ ದೆಸೆಯಿಂದ ಒಂದೆರಡು ದಿನ ಭುಜ ನೋಯಬಹುದು, ಅದಕ್ಕೆ ಹೆದರಬೇಕಿಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲು ರಕ್ತ, ಮೂತ್ರ, ರಕ್ತದೊತ್ತಡದ ಪರೀಕ್ಷೆ ಆಗಲೇಬೇಕು. ಹಿಮೋಗ್ಲೋಬಿನ್ 7 ಗ್ರಾಮಿಗಿಂತ ಕಡಿಮೆಯಿದ್ದರೆ ಮಾಡುವಂತಿಲ್ಲ. ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮಲ್ಲಿ ಇದು ಬರೀ ಕಾಗದದ ನಿಯಮವಲ್ಲ. ಆಗಲೇ ಗರ್ಭ ನಿಂತಿಲ್ಲವೆಂಬುದನ್ನೂ ಖಚಿತ ಮಾಡಿಕೊಳ್ಳಬೇಕು. ಅದಕ್ಕಾಗಿಯೇ ಹೆರಿಗೆಯ ಹೊತ್ತಲ್ಲದಿದ್ದರೆ ಮುಟ್ಟಾದ ಏಳು ದಿನದೊಳಗಿನ ಸಮಯವನ್ನು ಆರಿಸುತ್ತಾರೆ. ಆರು ಗಂಟೆ ಮೊದಲಿನಿಂದ ಗಟ್ಟಿ ಆಹಾರ ತಿನ್ನಬಾರದು. ಆದ ಮೇಲೆ ಎರಡು ದಿನ ಪೂರ್ತಿ ವಿಶ್ರಾಂತಿ, ಒಂದು ವಾರ ಭಾರ ಎತ್ತುವುದು ಬೇಡ. ಜ್ವರ, ಗಾಯದಲ್ಲಿ ಕೀವು, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ತಲೆಸುತ್ತಿ ಬೀಳುವುದು ಇವುಗಳಲ್ಲಿ ಯಾವುದು ಕಂಡರೂ ‘ಆಪರೇಷನ್ ಆದಮೇಲೆ ಇದೆಲ್ಲ ಇರತಾವ’ ಎಂದು ಸುಮ್ಮನಿರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

‘ಆಪರೇಷನ್ ಆದಾಗಿನಿಂದ ಸೊಂಟ ಬಿದ್ದುಹೋಯಿತು’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ನಾಳ ಮುಚ್ಚುವುದರಿಂದ ಸೊಂಟ ನೋಯಬೇಕಾದ ಕಾರಣವಿಲ್ಲ. ಆದರೆ ಬಾಣಂತನದ ಮೈ, ರಕ್ತಹೀನತೆ, ಒಂದೇ ವಾರಕ್ಕೆ ಮತ್ತೆ ಹೆಗಲೇರಿದ ದುಡಿಮೆ ಇವೆಲ್ಲ ಕಾರಣಗಳೇ. ನೋವು ಸುಳ್ಳೆಂದು ಆಕೆಯನ್ನು ಗದರುವುದಕ್ಕಿಂತ ಪರೀಕ್ಷೆ ಮಾಡಿಸುವುದು ಮೇಲು.

ಗಂಡಸರ ಶಸ್ತ್ರಚಿಕಿತ್ಸೆ

ಗಂಡಸರಲ್ಲಿ ಈ ಕೆಲಸಕ್ಕೆ ಹೊಟ್ಟೆ ತೆರೆಯುವ ಪ್ರಶ್ನೆಯೇ ಇಲ್ಲ. ವೀರ್ಯಾಣುಗಳನ್ನು ಒಯ್ಯುವ ಎರಡು ನಾಳಗಳು ವೃಷಣ ಚೀಲದ ಚರ್ಮದ ಕೆಳಗೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿವೆ. ಚೀನಾದ ವೈದ್ಯ ಲೀ ಷುನ್‌ಕಿಯಾಂಗ್ 1974ರಲ್ಲಿ ರೂಪಿಸಿದ ವಿಧಾನದಲ್ಲಿ ಚಾಕು ಸಹ ಬೇಡ. ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟುವ ಸೂಜಿ ಕೊಟ್ಟು, ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ, ನಾಳ ಕತ್ತರಿಸಿ ಕಟ್ಟುತ್ತಾರೆ. ಹೊಲಿಗೆಯೂ ಇಲ್ಲ. ಇಪ್ಪತ್ತು ನಿಮಿಷದ ಕೆಲಸ. ಸ್ವಲ್ಪ ಹೊತ್ತು ಕುಳಿತು ನಡೆದುಕೊಂಡೇ ಮನೆಗೆ ಹೋಗಬಹುದು. ಎರಡು ದಿನ ವಿಶ್ರಾಂತಿ, ಬಿಗಿಯಾದ ಲಂಗೋಟಿ, ಒಂದು ವಾರ ಭಾರದ ಕೆಲಸಕ್ಕೆ ರಜೆ. ಕೆಲವರಿಗೆ ಬಾವು ಬರಬಹುದು, ರಕ್ತ ಹೆಪ್ಪುಗಟ್ಟಬಹುದು; ಬಹಳ ದಿನ ಉಳಿಯುವ ನೋವು ಅಪರೂಪ.

ಶಕ್ತಿ ಕುಂದುತ್ತದೆ ಎಂಬುದೇ ದೊಡ್ಡ ಭಯ. ಗಂಡಸುತನದ ಹಾರ್ಮೋನು ನೇರವಾಗಿ ರಕ್ತ ಸೇರುತ್ತದೆ, ಈ ನಾಳದ ಮೂಲಕವಲ್ಲ. ವೀರ್ಯದ ಬಹುಭಾಗ ಬೇರೆ ಗ್ರಂಥಿಗಳಿಂದ ಬರುವುದರಿಂದ ಅದರ ಪ್ರಮಾಣದಲ್ಲಿಯೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಕ್ವಾರಿಯಲ್ಲಿ ಕಲ್ಲೆತ್ತುವವನು ಆಮೇಲೂ ಕಲ್ಲೆತ್ತಬಹುದು, ಮಗ್ಗದವನು ಮಗ್ಗದಲ್ಲಿ ಕೂರಬಹುದು.

ಆದರೆ ಒಂದು ಎಚ್ಚರ. ನಾಳದಲ್ಲಿ ಮೊದಲೇ ಉಳಿದ ವೀರ್ಯಾಣುಗಳು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್ ಅಥವಾ ಬೇರೆ ಉಪಾಯ ಇರಲೇಬೇಕು. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂದು ಖಾತ್ರಿಯಾದ ನಂತರವೇ ಪ್ರಮಾಣಪತ್ರ. ಗುಳೆ ಹೋಗುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಪರೀಕ್ಷೆಗೆ ಮರಳದೆ ಇದ್ದು, ಮನೆಯಲ್ಲಿ ಬಸಿರು ನಿಂತಾಗ ಹೆಂಡತಿಯ ಶೀಲದ ಮೇಲೆ ಸಂಶಯ ಪಡುವಂಥ ಅನ್ಯಾಯ ಇನ್ನೊಂದಿಲ್ಲ.

ಸಹಿ ಮಾಡುವ ಮೊದಲು

ಇದು ಶಾಶ್ವತ ಎಂಬುದು ಮೊದಲ ಮಾತು. ಕತ್ತರಿಸಿದ ನಾಳವನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ. ಅದು ದೊಡ್ಡದು, ಎಲ್ಲೆಡೆ ಸಿಗುವುದಿಲ್ಲ, ಗೆಲ್ಲುತ್ತದೆಂಬ ಭರವಸೆಯೂ ಇಲ್ಲ. ‘ಬೇಕಾದರೆ ಬಿಚ್ಚಿಸಿದರಾಯಿತು’ ಎಂದುಕೊಂಡು ಯಾರೂ ಒಪ್ಪಬಾರದು.

ಎರಡನೆಯದು ವಯಸ್ಸು. ಕೇಂದ್ರ ಸರ್ಕಾರದ ನಿಯಮದಂತೆ ಹೆಂಗಸಿಗೆ ಕನಿಷ್ಠ 22 ವರ್ಷ ತುಂಬಿರಬೇಕು, ದಂಪತಿಗೆ ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು. ಆದರೆ ನಿಯಮ ಒಪ್ಪಿದ್ದನ್ನೆಲ್ಲ ಮುಂದೆ ಮನಸ್ಸು ಒಪ್ಪುತ್ತದೆಂದಿಲ್ಲ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು 14 ವರ್ಷಗಳವರೆಗೆ ವಿಚಾರಿಸಿದ ಅಧ್ಯಯನವೊಂದರಲ್ಲಿ, ಮೂವತ್ತು ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ ನೂರಕ್ಕೆ ಇಪ್ಪತ್ತು ಮಂದಿ ಮುಂದೆ ಪಶ್ಚಾತ್ತಾಪಪಟ್ಟರು. ಮೂವತ್ತು ದಾಟಿದವರಲ್ಲಿ ಅದು ನೂರಕ್ಕೆ ಆರು. ಬೇಗ ಮದುವೆ, ಬೇಗ ಎರಡು ಮಕ್ಕಳು, ಇಪ್ಪತ್ತನಾಲ್ಕಕ್ಕೆ ಆಪರೇಷನ್ ಎಂಬ ನಮ್ಮ ಪದ್ಧತಿಗೆ ಈ ಲೆಕ್ಕ ಏನು ಹೇಳುತ್ತದೆ ಎಂಬುದನ್ನು ಯೋಚಿಸಬೇಕು. ಇರುವ ಮಗು ತೀರಿಕೊಳ್ಳಬಹುದು, ಗಂಡ ಇಲ್ಲವಾಗಬಹುದು, ಮರುಮದುವೆಯಾಗಬಹುದು. ಅಪಶಕುನವೆಂದು ಬಾಯಿ ಮುಚ್ಚಿಸುವ ಮಾತುಗಳಿವು. ಆದರೆ ಆಡಬೇಕಾದ ಮಾತುಗಳೂ ಇವೇ.

ಮನಸ್ಸು ತೂಗುತ್ತಿದ್ದರೆ ಕಾಯುವ ಹಾದಿಯಿದೆ. ಹೆರಿಗೆಯಾದ ಕೂಡಲೇ ಹಾಕಿಸಬಹುದಾದ ಕಾಪರ್-ಟಿ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಬೇಡವೆಂದ ದಿನ ತೆಗೆಸಬಹುದು. 2017ರಿಂದ ಸರ್ಕಾರಿ ವ್ಯವಸ್ಥೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದು, ‘ಛಾಯಾ’ ಗುಳಿಗೆ ಬಂದಿವೆ. ಇವುಗಳಲ್ಲಿ ಯಾವುದು ತನಗೆ ಸರಿ ಎಂದು ಕೇಳುವುದು ಹೆಣ್ಣುಮಗಳ ಹಕ್ಕು; ವಿವರಿಸುವುದು ಆರೋಗ್ಯ ಸಿಬ್ಬಂದಿಯ ಕರ್ತವ್ಯ.

ಮೂರನೆಯದು ಒಪ್ಪಿಗೆ. ಒಪ್ಪಿಗೆ ಪತ್ರ ಆಕೆಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಹೆರಿಗೆ ನೋವಿನಲ್ಲಿ ಒದ್ದಾಡುವಾಗ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಒಪ್ಪಿಗೆಯಲ್ಲ. ಬಸಿರಿನ ತಿಂಗಳುಗಳಲ್ಲೇ ವಿಚಾರ ಮಾಡಿ ನಿರ್ಧರಿಸಿರಬೇಕು. ನಿಯಮದ ಪ್ರಕಾರ ಗಂಡನ ಸಹಿ ಬೇಕಿಲ್ಲ, ಶಸ್ತ್ರಚಿಕಿತ್ಸೆಗೆ ಒಳಗಾಗುವವರ ಸಹಿ ಸಾಕು. ಮೇಜಿನ ಮೇಲೆ ಮಲಗುವ ಮೊದಲು ಯಾವ ಕ್ಷಣದಲ್ಲಾದರೂ ‘ಬೇಡ’ ಎನ್ನಬಹುದು. ಹಾಗೆಂದ ಮಾತ್ರಕ್ಕೆ ಬೇರೆ ಯಾವ ಚಿಕಿತ್ಸೆ, ಸೌಲಭ್ಯವನ್ನೂ ನಿಲ್ಲಿಸುವಂತಿಲ್ಲ.

ತಪ್ಪಿದರೆ

ನೂರಕ್ಕೆ ನೂರು ಖಾತ್ರಿ ಎಂಬುದು ವೈದ್ಯಶಾಸ್ತ್ರದಲ್ಲಿಲ್ಲ. ಹೆಂಗಸರಲ್ಲಿ ಮೊದಲ ವರ್ಷ ಸುಮಾರು ಇನ್ನೂರಕ್ಕೆ ಒಬ್ಬರಿಗೆ, ಗಂಡಸರಲ್ಲಿ ಸಾವಿರಕ್ಕೆ ಒಬ್ಬಿಬ್ಬರಿಗೆ ಶಸ್ತ್ರಚಿಕಿತ್ಸೆ ವಿಫಲವಾಗುತ್ತದೆ. ಹೆಂಗಸರಲ್ಲಿ ಹಾಗೆ ನಿಂತ ಗರ್ಭ ಗರ್ಭಕೋಶದ ಹೊರಗೆ, ನಾಳದಲ್ಲೇ ಬೆಳೆಯುವ ಅಪಾಯವೂ ಇದೆ. ಆದ್ದರಿಂದ ಆಪರೇಷನ್ ಆಗಿ ಎಷ್ಟೇ ವರ್ಷವಾಗಿರಲಿ, ಮುಟ್ಟು ತಪ್ಪಿದರೆ ಎರಡು ವಾರದೊಳಗೆ ಆಸ್ಪತ್ರೆಗೆ ಹೋಗಬೇಕು. ಸರ್ಕಾರದ ಯೋಜನೆಯಡಿ ವೈಫಲ್ಯಕ್ಕೆ, ತೊಡಕುಗಳಿಗೆ, ಸಾವಿಗೆ ಪರಿಹಾರವುಂಟು. ಅದನ್ನು ಕೇಳಲು ಪ್ರಮಾಣಪತ್ರ, ಆಸ್ಪತ್ರೆಯ ಕಾಗದ ಕೈಯಲ್ಲಿರಬೇಕು. ಸೀರೆಯ ಮಡಿಕೆಯಲ್ಲೋ ಟ್ರಂಕಿನಲ್ಲೋ ಅವನ್ನು ಜೋಪಾನವಾಗಿಡುವುದು ಒಳಿತು.

ಅವಸರ ಏನು ಮಾಡೀತೆಂಬುದಕ್ಕೆ 2014ರ ನವೆಂಬರ್ ಸಾಕ್ಷಿ. ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಒಬ್ಬನೇ ವೈದ್ಯ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ಮಾಡಿದ. ದಿನಕ್ಕೆ 30ಕ್ಕಿಂತ ಹೆಚ್ಚು ಸಲ್ಲದೆಂಬ ನಿಯಮ ಕಾಗದದಲ್ಲೇ ಉಳಿಯಿತು. ಆ ದಿನಗಳ ಶಿಬಿರಗಳಲ್ಲಿ ಹದಿಮೂರು ತಾಯಂದಿರು ಸತ್ತರು. 2016ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್, ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಬೇಕೆಂದೂ, ಗುರಿಯ ಹೆಸರಿನಲ್ಲಿ ಒತ್ತಾಯ ಸಲ್ಲದೆಂದೂ ಆದೇಶಿಸಿತು. ಶಾಲೆಯ ಕೋಣೆಯ ಶಿಬಿರಕ್ಕಿಂತ ಸಜ್ಜಾದ ಆಸ್ಪತ್ರೆಯನ್ನೇ ಆರಿಸಬೇಕು ಎಂಬುದು ನಾವು ಇದರಿಂದ ಕಲಿಯಬೇಕಾದ ಪಾಠ.

ಮಾತಿಗೆ ಜಾಗ

ಮೈಯ ವಿಷಯವನ್ನು ಮರ್ಯಾದೆಯಿಂದ ಕನ್ನಡದಲ್ಲಿ ಹೇಳಬಹುದೆಂದು ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ತಮ್ಮ ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’ ಪುಸ್ತಕಗಳಿಂದ ತೋರಿಸಿಕೊಟ್ಟು ಎಷ್ಟೋ ಕಾಲವಾಯಿತು. ಭಾಷೆಗೆ ಕೊರತೆಯಿಲ್ಲ, ಕೊರತೆ ಮನೆಯೊಳಗಿನ ಮಾತಿಗೆ.

ಪ್ರತಿವರ್ಷ ನವೆಂಬರ್ ಕೊನೆಯಲ್ಲಿ ಗಂಡಸರ ಶಸ್ತ್ರಚಿಕಿತ್ಸೆಯ ಪಾಕ್ಷಿಕ ನಡೆಯುತ್ತದೆ. ಬ್ಯಾನರು ಕಟ್ಟುತ್ತಾರೆ, ಭಾಷಣವಾಗುತ್ತದೆ. ಬ್ಯಾನರಿನಿಂದ ರೂಢಿ ಬದಲಾಗುವುದಿಲ್ಲ. ಒಬ್ಬ ಗಂಡ ತನ್ನ ಹೆಂಡತಿಗೆ ‘ನೀ ಎರಡು ಸಲ ಹೆತ್ತೀದಿ, ಇದೊಂದು ನಂದಿರಲಿ’ ಎಂದರೆ ಬದಲಾಗುತ್ತದೆ. ಒಬ್ಬ ತಾಯಿ ತವರಿಗೆ ಬಂದ ಮಗಳಿಗೆ ‘ನಿನಗೇನು ಅನಸತೈತವ್ವಾ?’ ಎಂದು ಕೇಳಿದರೆ ಬದಲಾಗುತ್ತದೆ. ಆಪರೇಷನ್ ಬೇಡವೆಂದಲ್ಲ. ಸಾಕೆನಿಸಿದ ದಂಪತಿಗೆ ಇದಕ್ಕಿಂತ ನೆಮ್ಮದಿಯ ಉಪಾಯ ಕಡಿಮೆ. ಆದರೆ ಇಬ್ಬರೂ ಕೂತು, ತಿಳಿದು, ತಾವಾಗಿ ಒಪ್ಪಿದ್ದಾಗಿರಬೇಕು.

ಮುಂದಿನ ಕುಬಸಕ್ಕೆ ಹಸಿರು ಬಳೆ ತೊಡಿಸಲು ನಾಲ್ಕು ಜನ ಮುತ್ತೈದೆಯರು ಕೂಡುತ್ತಾರಲ್ಲ, ಈ ಮಾತನ್ನು ಅಲ್ಲಿಯೇ ಎತ್ತಬಹುದು. ಬಸಿರಿಯ ಬಯಕೆ ಏನೆಂದು ಕೇಳುವ ದಿನ ಅದು. ಮುಂದೆ ಎಷ್ಟು ಮಕ್ಕಳು, ಯಾವಾಗ, ಸಾಕಾದ ಮೇಲೆ ಯಾರ ಪಾಳಿ ಎಂದು ಕೇಳಿದರೂ ಅಂದಿನ ಶಾಸ್ತ್ರಕ್ಕೆ ಭಂಗವೇನೂ ಬಾರದು.